ಸೆಷನ್ ಮುಗಿಯಿತು, ಸರದಿ ಮುಗಿಯಲಿಲ್ಲ

ಜೂನ್ ಬಂತೆಂದರೆ ಮಲೆನಾಡಿನ ಅಂಚಿನ ಊರುಗಳಿಗೆ ಮಳೆಯೂ ಅರ್ಜಿಯೂ ಒಟ್ಟಿಗೇ ಬರುತ್ತವೆ. ಶಾಲೆ, ಪಿಯು ಕಾಲೇಜು ಶುರುವಾಗುವ ಹೊತ್ತು. ಜಾತಿ, ಆದಾಯ ಪ್ರಮಾಣಪತ್ರ ಬೇಕು, ಹಾಸ್ಟೆಲಿಗೊಂದು ಅರ್ಜಿ, ವಿದ್ಯಾರ್ಥಿವೇತನಕ್ಕೆ ಇನ್ನೊಂದು. ಅದೇ ವಾರಗಳಲ್ಲಿ ಆಲೂರು, ಸಕಲೇಶಪುರದ ಗುಡ್ಡಗಳಿಗೆ ಮುಂಗಾರು ಹಿಡಿದುಕೊಳ್ಳುತ್ತದೆ. ತೋಟದ ಸಿಲ್ವರ್ ಓಕ್ ಮರವೊಂದು ತಂತಿಯ ಮೇಲೆ ಒರಗಿದರೆ ವಿದ್ಯುತ್ ಕಂಪನಿ ಸೆಸ್ಕ್‌ನ ಲೈನ್‌ಮನ್ ಬರುವ ತನಕ ಕರೆಂಟಿಲ್ಲ. ಕರೆಂಟಿಲ್ಲದ ಮೇಲೆ ಮೊಬೈಲ್ ಟವರಿಗೂ ಹೆಚ್ಚು ಹೊತ್ತು ಉಸಿರಿಲ್ಲ. ಆಲೂರು ತಾಲ್ಲೂಕಿನ ಮಗ್ಗೆಯ ಸುತ್ತಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಭತ್ತದ ಗದ್ದೆ, ಕಾಫಿ ತೋಟ, ನಡುನಡುವೆ ಆನೆ ದಾಟುವ ದಾರಿ ಇರುವ ಸೀಮೆ ಇದು. ಆನೆ ತುಳಿದ ಬೆಳೆಗೆ ಪರಿಹಾರ ಕೇಳುವ ಅರ್ಜಿಯೂ ಈಗ ಕಂಪ್ಯೂಟರ್ ಹತ್ತಿದೆ.

ಇಂಥ ಒಂದು ದಿನ ಅರ್ಜಿ ತುಂಬಿಸುವ ಕೇಂದ್ರದಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ಒಂದು ಕಂಪ್ಯೂಟರ್, ಒಬ್ಬ ಆಪರೇಟರ್, ಬಾಗಿಲ ತನಕ ಸಾಲು, ಮೂಲೆಯಲ್ಲಿ ನೀರಿಳಿಸುತ್ತ ನಿಂತ ಛತ್ರಿಗಳು. ಹೆಸರು, ತಂದೆಯ ಹೆಸರು, ವಿಳಾಸ, ಪಡಿತರ ಚೀಟಿಯ ಸಂಖ್ಯೆ ಎಂದು ಆಪರೇಟರ್ ಒಂದೊಂದಾಗಿ ಕೇಳುತ್ತಾರೆ. ಎದುರು ನಿಂತ ತಾಯಿ ಹೇಳುತ್ತಾರೆ. ಕನ್ನಡದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ ಟೈಪ್ ಆಗುತ್ತದೆ. ಆಮೇಲೆ ಆಧಾರ್ ಒಟಿಪಿ. ಆಧಾರ್‌ಗೆ ಜೋಡಿಸಿದ ನಂಬರು ಬೆಂಗಳೂರಿನಲ್ಲಿರುವ ಮಗನದು. ಅವನಿಗೆ ಫೋನು ಮಾಡಬೇಕಾದರೆ ರಸ್ತೆಯ ತಿರುವಿನವರೆಗೆ ಹೋಗಬೇಕು, ಒಳಗೆ ಸಿಗ್ನಲ್ ಸಿಗುವುದಿಲ್ಲ. ಮಗ ಡ್ಯೂಟಿಯಲ್ಲಿದ್ದಾನೆ, ಎರಡನೇ ಸಲಕ್ಕೆ ಎತ್ತುತ್ತಾನೆ. ಆರು ಅಂಕಿಗಳನ್ನು ಬಾಯಲ್ಲೇ ಉರುಹೊಡೆಯುತ್ತ ತಾಯಿ ಬಿರಬಿರನೆ ವಾಪಸು ಬರುತ್ತಾರೆ. ಅಷ್ಟರಲ್ಲಿ ಸ್ಕ್ಯಾನ್ ಮಾಡಿದ ರೇಷನ್ ಕಾರ್ಡಿನ ಫೈಲು ದೊಡ್ಡದಾಯಿತೆಂದು ತಿರಸ್ಕಾರವಾಗಿರುತ್ತದೆ, ಅದನ್ನು ಕುಗ್ಗಿಸಬೇಕು. ಎಲ್ಲ ಮುಗಿಸಿ 'ಸಬ್ಮಿಟ್' ಒತ್ತಿದರೆ ಪರದೆ ಒಂದು ಗಳಿಗೆ ಬೆಳ್ಳಗಾಗಿ, ಶುರುವಿನ ಲಾಗಿನ್ ಪುಟ ಎದುರಿಗೆ ಬಂದು ನಿಲ್ಲುತ್ತದೆ. 'ಸೆಷನ್ ಎಕ್ಸ್‌ಪೈರ್ಡ್. ಪ್ಲೀಸ್ ಲಾಗಿನ್ ಅಗೇನ್.' ತುಂಬಿದ್ದೆಲ್ಲ ಖಾಲಿ.

ಸಾಲಿನಲ್ಲಿ ನಿಂತವರು ಇದಕ್ಕೆ ಇಟ್ಟ ಹೆಸರು ಒಂದೇ: 'ಸರ್ವರ್ ಡೌನ್'. ನಿಜವಾಗಿ ಆ ಹೊತ್ತಿನಲ್ಲಿ ಸರ್ವರಿಗೆ ಏನೂ ಆಗಿರುವುದಿಲ್ಲ. ಅದು ಚೆನ್ನಾಗಿಯೇ ಕೆಲಸ ಮಾಡುತ್ತಿದ್ದು, ತನಗೆ ಯಾರೋ ಕಟ್ಟಿಕೊಟ್ಟ ಗಡುವು ನೋಡಿಕೊಂಡು ನಿಮ್ಮನ್ನು ಹೊರಗೆ ಹಾಕಿರುತ್ತದೆ. ಆ ಗಡುವು ಎಲ್ಲಿಂದ ಬಂತು, ಅದು ಬೇಕೇ, ಬೇಕಾದರೆ ಯಾರ ಅನುಕೂಲಕ್ಕೆ ಎಂದು ಕೇಳಿಕೊಂಡವರು ಕಡಿಮೆ. ಅರ್ಜಿ ಪುಟ ಕಟ್ಟಿದವರೂ ಬಹಳ ಸಲ ಕೇಳಿಕೊಂಡಿರುವುದಿಲ್ಲ.

ವೆಬ್ ಹುಟ್ಟಿದ್ದೇ ಮರೆಗುಳಿಯಾಗಿ. ಬ್ರೌಸರ್ ಒಂದು ಪುಟ ಕೇಳುತ್ತದೆ, ಸರ್ವರ್ ಕೊಡುತ್ತದೆ, ಅಲ್ಲಿಗೆ ವ್ಯವಹಾರ ಮುಗಿಯಿತು. ಮರುಕ್ಷಣ ಅದೇ ಬ್ರೌಸರ್ ಇನ್ನೊಂದು ಪುಟ ಕೇಳಿದರೆ ಸರ್ವರಿಗೆ ಗುರುತು ಹತ್ತುವುದಿಲ್ಲ. ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಎಚ್‌ಟಿಟಿಪಿ ಎಂಬ ಈ ಪದ್ಧತಿಯನ್ನು ರೂಪಿಸಿದಾಗ ಅವರ ಕಣ್ಣ ಮುಂದಿದ್ದದ್ದು ವಿಜ್ಞಾನಿಗಳು ಒಬ್ಬರ ಬರಹವನ್ನು ಇನ್ನೊಬ್ಬರು ಓದುವ ಕೆಲಸ. ಓದುಗ ಯಾರೆಂದು ನೆನಪಿಡುವ ಗರಜು ಅದಕ್ಕಿರಲಿಲ್ಲ. ಅಂಗಡಿಯೂ ಬ್ಯಾಂಕೂ ವೆಬ್ಬಿಗೆ ಬರಹೊರಟಾಗ ಈ ಮರೆವು ಇಕ್ಕಟ್ಟಾಯಿತು. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಎಂಜಿನಿಯರ್ ಲೂ ಮೊಂಟುಲಿ ದಾರಿ ಕಂಡುಕೊಂಡರು: ಸರ್ವರ್ ಒಂದು ಸಣ್ಣ ಚೀಟಿ ಕೊಡಲಿ, ಬ್ರೌಸರ್ ಪ್ರತಿ ಸಲವೂ ಅದನ್ನು ತೋರಿಸಿಕೊಂಡು ಬರಲಿ. ಅದೇ ಕುಕೀ.

ಧರ್ಮಸ್ಥಳದಂಥ ಕಡೆ ಚಪ್ಪಲಿ ಬಿಟ್ಟು ಬಿಲ್ಲೆ ಪಡೆಯುತ್ತೇವಲ್ಲ, ಹೆಚ್ಚುಕಡಿಮೆ ಹಾಗೆಯೇ. ಬಿಲ್ಲೆಯ ಮೇಲೆ ನಿಮ್ಮ ಹೆಸರಿಲ್ಲ, ಬರೀ ನಂಬರು. ಸಾಮಾನು ಆ ನಂಬರಿನ ಗೂಡಿನಲ್ಲಿದೆ. ಬಿಲ್ಲೆ ಯಾರ ಕೈಯಲ್ಲಿದೆಯೋ ಚಪ್ಪಲಿ ಅವರದು. ಲಾಗಿನ್ ಆದಾಗ ನಿಮ್ಮ ಬ್ರೌಸರಿಗೆ ಸಿಗುವುದು ಊಹಿಸಲಾಗದಷ್ಟು ಉದ್ದದ ಒಂದು ಸಂಖ್ಯೆ. ನೀವು ಯಾರು, ಏನು ಮಾಡುತ್ತಿದ್ದಿರಿ ಎಂಬ ವಿವರವೆಲ್ಲ ಸರ್ವರಿನ ಗೂಡಿನಲ್ಲಿರುತ್ತದೆ. ಈ ಗೂಡು ನಿಮ್ಮ ಹೆಸರಿನಲ್ಲಿ ತೆರೆದಿರುವಷ್ಟು ಹೊತ್ತು ನಿಮ್ಮ ಸೆಷನ್.

ತೊಂದರೆ ಶುರುವಾಗುವುದು ಜನ ಹೇಳದೆ ಹೊರಟುಹೋಗುವುದರಿಂದ. ಬ್ರೌಸರ್ ಮುಚ್ಚಿದರೂ, ಕರೆಂಟು ಹೋಗಿ ಯುಪಿಎಸ್ ಕೀರಲಿಟ್ಟು ಸತ್ತರೂ, ಸರ್ವರಿಗೆ ಸುದ್ದಿ ಹೋಗುವುದಿಲ್ಲ. ಗೂಡು ಖಾಲಿ ಮಾಡಬಹುದೇ ಎಂದು ಅದು ಮೌನದಿಂದಲೇ ಊಹಿಸಬೇಕು. ಇಷ್ಟು ನಿಮಿಷ ಯಾವ ಕೋರಿಕೆಯೂ ಬರದಿದ್ದರೆ ಆಸಾಮಿ ಹೋದ ಎಂದು ತಿಳಿ, ಅಷ್ಟೇ. ಮೊದಮೊದಲು ಈ ನಿಯಮಕ್ಕೆ ಭದ್ರತೆಯಷ್ಟೇ ದೊಡ್ಡ ಕಾರಣ ಮೆಮೊರಿ. ತೊಂಬತ್ತರ ದಶಕದ ಸರ್ವರುಗಳಲ್ಲಿ ಮೆಮೊರಿ ದುಬಾರಿ ಸರಕು. ಹೋದವರ ಗೂಡನ್ನು ಬಂದವರಿಗೆ ಕೊಡದಿದ್ದರೆ ಯಂತ್ರವೇ ಕೂತುಬಿಡುತ್ತಿತ್ತು.

ಎಷ್ಟು ನಿಮಿಷ ಎಂಬುದಕ್ಕೆ ವಿಜ್ಞಾನವೇನೂ ಇರಲಿಲ್ಲ. ಮೈಕ್ರೋಸಾಫ್ಟಿನ ಎಎಸ್‌ಪಿ ಡಾಟ್ ನೆಟ್‌ನಲ್ಲಿ ಯಾರೂ ಬದಲಿಸದಿದ್ದರೆ 20 ನಿಮಿಷ. ಜಾವಾ ಬಳಸುವ ಟಾಮ್‌ಕ್ಯಾಟ್ ಸರ್ವರಿನಲ್ಲಿ 30. ಪಿಎಚ್‌ಪಿಯಲ್ಲಿ 1440 ಸೆಕೆಂಡು, ಅಂದರೆ 24 ನಿಮಿಷ. ಪೈಥಾನಿನ ಜ್ಯಾಂಗೋದಲ್ಲಿ ಎರಡು ವಾರ! ಒಂದೇ ಕೆಲಸಕ್ಕೆ ಒಂದೊಂದು ಕಂಪನಿ ಒಂದೊಂದು ಸಂಖ್ಯೆ ಇಟ್ಟು ಪೆಟ್ಟಿಗೆಯೊಳಗೆ ಕಳಿಸಿತು. ಪೆಟ್ಟಿಗೆ ಬಿಚ್ಚಿದವರಲ್ಲಿ ಹೆಚ್ಚಿನವರು ಆ ಸಾಲನ್ನು ಮುಟ್ಟಲಿಲ್ಲ. ಮಗ್ಗೆಯ ಸಾಲಿನಲ್ಲಿ ನಿಂತ ತಾಯಿಯ ಅರ್ಜಿ ಬಿದ್ದುಹೋದದ್ದು ಯಾವುದೋ ದೇಶದಲ್ಲಿ ಯಾರೋ ಒಬ್ಬರು ಹಿಂದೊಮ್ಮೆ ಬರೆದಿಟ್ಟ ಸಂಖ್ಯೆಯಿಂದಿರಬಹುದು ಎಂದರೆ ಉತ್ಪ್ರೇಕ್ಷೆಯಾಗದು. ಪಿಎಚ್‌ಪಿಯದು ಇನ್ನೊಂದು ತಮಾಷೆ: ಅವಧಿ ಮೀರಿದ ಸೆಷನ್‌ಗಳನ್ನು ಅದು ಆಗಿಂದಾಗಲೇ ಗುಡಿಸುವುದಿಲ್ಲ. ಮೂಲ ಹೊಂದಿಕೆಯಲ್ಲಿ, ಹೊಸದಾಗಿ ಬರುವ ಪ್ರತಿ ಕೋರಿಕೆಗೂ ನೂರಕ್ಕೆ ಒಂದು ಸಾಧ್ಯತೆಯಲ್ಲಿ ಪೊರಕೆ ಎತ್ತಿಕೊಳ್ಳುತ್ತದೆ. 'ನಿನ್ನೆ ಊಟ ಮಾಡಿ ಬಂದರೂ ಹಾಗೇ ಇತ್ತು, ಇವತ್ತು ಅರ್ಧ ಗಂಟೆಗೇ ಹೋಯ್ತು' ಎಂದು ಆಪರೇಟರ್ ಗೊಣಗಿದರೆ ಅವರ ಲೆಕ್ಕ ತಪ್ಪಿರಬೇಕೆಂದಿಲ್ಲ.

ಇದರೊಳಗೆ ಬಳಕೆದಾರರಿಗೆ ಗೊತ್ತಿಲ್ಲದ ಒಂದು ಅನ್ಯಾಯ ಅಡಗಿದೆ. ನೀವು ಟೈಪ್ ಮಾಡುವುದು ಸರ್ವರಿಗೆ ಕಾಣುವುದಿಲ್ಲ. ಅದಕ್ಕೆ ಕಾಣುವುದು ನೀವು ಒಂದು ಗುಂಡಿ ಒತ್ತಿ ಏನನ್ನಾದರೂ ಕಳಿಸಿದಾಗ ಮಾತ್ರ. ಉದ್ದನೆಯ ಒಂದೇ ಪುಟದ ಅರ್ಜಿಯನ್ನು ಇಪ್ಪತ್ತೈದು ನಿಮಿಷ ಬೆವರಿಳಿಸಿ ತುಂಬಿದರೂ ಸರ್ವರಿನ ಪಾಲಿಗೆ ನೀವು ಅಷ್ಟೂ ಹೊತ್ತು ನಿದ್ದೆಯಲ್ಲಿದ್ದಿರಿ. ಚಟಪಟನೆ ಪುಟ ತಿರುಗಿಸುತ್ತ ಏನೂ ಮಾಡದೆ ಕೂತವರು ಅದರ ಲೆಕ್ಕದಲ್ಲಿ ಎಚ್ಚರ. ನಿಧಾನಕ್ಕೆ, ಕಾಗದ ನೋಡಿ ನೋಡಿ, ಅಜ್ಜನ ಹೆಸರಿನ ಕಾಗುಣಿತ ಕೇಳಿ ತಿಳಿದು ಬರೆಯುವವರು ಗೈರುಹಾಜರು. ಗಡುವಿನ ಪೆಟ್ಟು ಬೀಳುವುದು ನಿಧಾನಿಗಳಿಗೆ, ವಯಸ್ಸಾದವರಿಗೆ, ದೃಷ್ಟಿ ಮಂದವಾದವರಿಗೆ, ನೆಟ್‌ವರ್ಕ್ ಕುಂಟುವ ಊರಿನವರಿಗೆ. ಆಧಾರ್ ಒಟಿಪಿಗೆ 10 ನಿಮಿಷದ ಆಯುಷ್ಯ. ರಸ್ತೆಯ ತಿರುವಿಗೆ ಹೋಗಿಬರುವ ಹೊತ್ತು ಅದರಲ್ಲೂ ಕಳೆಯುತ್ತದೆ, ಸೆಷನ್‌ನಲ್ಲೂ ಕಳೆಯುತ್ತದೆ.

ಹಾಗಾದರೆ ಗಡುವನ್ನೇ ತೆಗೆದುಹಾಕಿ ಎನ್ನೋಣವೇ? ನಾನು ಹಾಗೆ ಹೇಳಲಾರೆ. ಬಿಲ್ಲೆ ಕೈಯಲ್ಲಿದ್ದವರದೇ ಸಾಮಾನು ಎಂದಮೇಲೆ ಬಿಲ್ಲೆ ಕದಿಯುವವರು ಇದ್ದೇ ಇರುತ್ತಾರೆ. 2010ರ ಅಕ್ಟೋಬರಿನಲ್ಲಿ ಎರಿಕ್ ಬಟ್ಲರ್ ಎಂಬ ಅಮೆರಿಕದ ಪ್ರೋಗ್ರಾಮರ್ 'ಫೈರ್‌ಶೀಪ್' ಎಂಬ ಸಣ್ಣ ಉಪಕರಣವನ್ನು ಬಹಿರಂಗಗೊಳಿಸಿದರು. ಹೋಟೆಲಿನ ಉಚಿತ ವೈಫೈನಲ್ಲಿ ಅದನ್ನು ಓಡಿಸಿದರೆ ಸುತ್ತ ಕೂತವರ ಫೇಸ್‌ಬುಕ್, ಟ್ವಿಟರ್ ಖಾತೆಗಳು ಪಟ್ಟಿಯಾಗಿ ಬರುತ್ತಿದ್ದವು. ಒಂದು ಕ್ಲಿಕ್ಕಿಗೆ ಒಳಗೆ ನುಗ್ಗಬಹುದಿತ್ತು. ಪಾಸ್‌ವರ್ಡ್ ಬೇಕಿರಲಿಲ್ಲ, ಗಾಳಿಯಲ್ಲಿ ಬೀಗವಿಲ್ಲದೆ ಓಡಾಡುತ್ತಿದ್ದ ಕುಕೀ ಸಾಕಿತ್ತು. ದೊಡ್ಡ ತಾಣಗಳು ಎಲ್ಲ ಪುಟಗಳನ್ನೂ ಗೂಢಲಿಪಿಯಲ್ಲಿ ಕಳಿಸಲು ಮನಸ್ಸು ಮಾಡುವಂತೆ ದೂಡಿದ ಘಟನೆಗಳಲ್ಲಿ ಇದೂ ಒಂದು.

ಇಂದಿನ ಕಳ್ಳರು ಗಾಳಿಯಲ್ಲಿ ಹಿಡಿಯುವುದಿಲ್ಲ, ಕಂಪ್ಯೂಟರಿನೊಳಗೇ ಇಳಿಯುತ್ತಾರೆ. 2023ರ ಮಾರ್ಚ್ 23ರಂದು ಕೆನಡಾದ 'ಲೈನಸ್ ಟೆಕ್ ಟಿಪ್ಸ್' ಎಂಬ ಪ್ರಸಿದ್ಧ ಯೂಟ್ಯೂಬ್ ವಾಹಿನಿ ಕಳ್ಳರ ಪಾಲಾಗಿ ಅದರಲ್ಲಿ ಕ್ರಿಪ್ಟೊ ವಂಚನೆಯ ನೇರಪ್ರಸಾರ ಓಡಿತು. ಸಿಬ್ಬಂದಿಯೊಬ್ಬರು ಪ್ರಾಯೋಜಕರ ಕಾಗದವೆಂದು ನಂಬಿ ತೆರೆದ ಫೈಲು ಬ್ರೌಸರಿನ ಸೆಷನ್ ಟೋಕನ್‌ಗಳನ್ನು ಕದ್ದು ಕಳಿಸಿತ್ತು. ಪಾಸ್‌ವರ್ಡ್ ಗಟ್ಟಿಯಿದ್ದರೂ, ಮೊಬೈಲಿಗೆ ಒಟಿಪಿ ಬರುವ ಏರ್ಪಾಡಿದ್ದರೂ, ಆಗಲೇ ಒಳಗಿದ್ದವರ ಬಿಲ್ಲೆ ಸಿಕ್ಕಮೇಲೆ ಅವು ಯಾವುದೂ ಅಡ್ಡ ಬರುವುದಿಲ್ಲ. ಹೀಗಿರುವಾಗ ಬಿಲ್ಲೆಗೆ ಆಯುಷ್ಯ ಕಡಿಮೆಯಿದ್ದಷ್ಟೂ ಕಳ್ಳನಿಗೆ ಸಿಗುವ ಹೊತ್ತು ಕಡಿಮೆ.

ಹಂಚಿಕೊಂಡ ಕಂಪ್ಯೂಟರಿನಲ್ಲಂತೂ ಈ ವಾದಕ್ಕೆ ಎರಡು ಮಾತಿಲ್ಲ. ಕೇಂದ್ರದ ಆಪರೇಟರ್ ಚಹಾಕ್ಕೆ ಎದ್ದರೆ ಆ ಕುರ್ಚಿಯಲ್ಲಿ ಯಾರು ಬೇಕಾದರೂ ಕೂರಬಹುದು. ನಮ್ಮ ಕಂದಾಯ ಇಲಾಖೆ ಈ ಪಾಠವನ್ನು ಬಹಳ ಮೊದಲೇ ಕಲಿತಿತ್ತು. ಈ ಶತಮಾನದ ಆರಂಭದಲ್ಲಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ 'ಭೂಮಿ' ಯೋಜನೆಯಲ್ಲಿ ಬರೀ ಪಾಸ್‌ವರ್ಡನ್ನು ನಂಬಲಿಲ್ಲ. ಹಕ್ಕು ಬದಲಾವಣೆಗೆ ಒಪ್ಪಿಗೆ ಕೊಡುವ ಅಧಿಕಾರಿ ಬೆರಳಚ್ಚು ಒತ್ತಿಯೇ ಒಳಗೆ ಬರಬೇಕೆಂದು ಮಾಡಿದರು. ಪಾಸ್‌ವರ್ಡ್ ಆದರೆ ಚೀಟಿಯಲ್ಲಿ ಬರೆದು ಇನ್ನೊಬ್ಬರ ಕೈಗೆ ಕೊಡಬಹುದು, ಬೆರಳನ್ನು ಕೊಡಲಾಗದು. 'ಅದನ್ನು ಮಾಡಿದ್ದು ನಾನಲ್ಲ' ಎಂಬ ಮಾತಿಗೆ ಜಾಗ ಉಳಿಯಬಾರದೆಂಬುದು ಉದ್ದೇಶ. ಒಂದು ಎಕರೆ ಗದ್ದೆ ಯಾರ ಹೆಸರಿನಲ್ಲಿದೆ ಎಂಬುದು ಇಲ್ಲಿ ಸಣ್ಣ ಮಾತಲ್ಲ ಎಂದು ಆಲೂರಿನವರಿಗೂ ಗೊತ್ತು, ಅಧಿಕಾರಿಗಳಿಗೂ ಗೊತ್ತಿತ್ತು.

ಈ ಭದ್ರತೆಯ ಮಾತನ್ನು ಎತ್ತಿಕೊಂಡು ಪುಟ ಕಟ್ಟುವವರು ಒಂದು ಜಾಣತನ ಮಾಡುತ್ತಾರೆ. ಕೇಳಿದರೆ 'ಸೆಕ್ಯೂರಿಟಿ ಸಾರ್' ಎನ್ನುತ್ತಾರೆ. ಬಾಗಿಲಿಗೆ ಬೀಗ ಹಾಕುವುದು ಒಂದು ಕೆಲಸ. ಒಳಗೆ ಮೇಜಿನ ಮೇಲಿದ್ದ ಅರೆಬರೆ ಅರ್ಜಿಯನ್ನು ಹರಿದು ಬಿಸಾಕುವುದು ಬೇರೆಯದೇ ಕೆಲಸ. ಮೊದಲನೆಯದನ್ನು ಸಮರ್ಥಿಸುವ ಕಾರಣ ಯಾವುದೂ ಎರಡನೆಯದಕ್ಕೆ ಅನ್ವಯಿಸುವುದಿಲ್ಲ. ಅದೇ ಮನುಷ್ಯ ಮತ್ತೆ ಲಾಗಿನ್ ಆಗಿ, ಮತ್ತೆ ಒಟಿಪಿ ಕೊಟ್ಟು ತಾನೇ ಎಂದು ತೋರಿಸಿಕೊಂಡ ಮೇಲೆ ಅವನು ಬರೆದದ್ದನ್ನು ಅವನಿಗೇ ಮರಳಿಸಿದರೆ ಯಾವ ಭದ್ರತೆಗೆ ಭಂಗ? ಅದನ್ನು ಮಾಡದಿರುವುದಕ್ಕೆ ಇರುವ ಕಾರಣ ಒಂದೇ, ಮಾಡುವುದು ಸ್ವಲ್ಪ ಹೆಚ್ಚಿನ ಕೆಲಸ.

ಮಾಡದೆ ಬಿಟ್ಟದ್ದರ ಫಲ ನೋಡಿ. ಎರಡು ಮೂರು ಸಲ ಅರ್ಜಿ ಕಳಕೊಂಡ ಆಪರೇಟರ್ ಬುದ್ಧಿವಂತರಾಗುತ್ತಾರೆ. ಮೊದಲು ಎಲ್ಲವನ್ನೂ ನೋಟ್‌ಪ್ಯಾಡಿನಲ್ಲಿ ಬರೆದಿಟ್ಟುಕೊಂಡು ಆಮೇಲೆ ಪುಟಕ್ಕೆ ಅಂಟಿಸುತ್ತಾರೆ. ಕಾಗದಪತ್ರಗಳನ್ನು ಜನರಿಂದ ವಾಟ್ಸ್‌ಆ್ಯಪಿನಲ್ಲಿ ಮೊದಲೇ ತರಿಸಿಕೊಳ್ಳುತ್ತಾರೆ. ಪುಟವನ್ನು ತಾನಾಗಿಯೇ ರಿಫ್ರೆಶ್ ಮಾಡುತ್ತಿರುವ ಎಕ್ಸ್‌ಟೆನ್ಷನ್ ಒಂದನ್ನು ಬ್ರೌಸರಿಗೆ ಸಿಕ್ಕಿಸಿ ಸೆಷನ್ ದಿನವಿಡೀ ಬದುಕಿರುವಂತೆ ನೋಡಿಕೊಳ್ಳುತ್ತಾರೆ. ಊರಿನ ಅರ್ಧದಷ್ಟು ಜನರ ಆಧಾರ್ ಸಂಖ್ಯೆ ಡೆಸ್ಕ್‌ಟಾಪಿನ ಮೇಲೆ 'ನ್ಯೂ ಟೆಕ್ಸ್ಟ್ ಡಾಕ್ಯುಮೆಂಟ್' ಎಂಬ ಹೆಸರಿನಲ್ಲಿ ಬಿದ್ದಿರುತ್ತದೆ. ಭದ್ರತೆಗೆಂದು ಇಟ್ಟ ಗಡುವು ಭದ್ರತೆಯನ್ನು ಕೆಡಿಸಿದ್ದು ಹೀಗೆ. ಆಪರೇಟರನ್ನು ದೂರಿ ಪ್ರಯೋಜನವಿಲ್ಲ, ಹೊರಗೆ ಸಾಲು ನಿಂತಿದೆ, ಅವರಿಗೆ ಒಂದು ಅರ್ಜಿಗೆ ಇಷ್ಟು ಎಂದು ಸಿಗುವ ಹಣ.

'ಸೆಷನ್ ಎಕ್ಸ್‌ಪೈರ್ಡ್' ಎಂದು ಬಂದಾಗಲೆಲ್ಲ ಗಡುವೇ ಕಾರಣವೆಂದೂ ಅಲ್ಲ. ಒಂದೇ ಸಂದೇಶದ ಹಿಂದೆ ಬೇರೆ ಬೇರೆ ರೋಗಗಳಿರುತ್ತವೆ. ದೊಡ್ಡ ತಾಣಗಳು ಹಲವು ಸರ್ವರುಗಳ ಮೇಲೆ ಓಡುತ್ತವೆ. ನಿಮ್ಮ ಗೂಡು ಒಂದು ಸರ್ವರಿನ ಮೆಮೊರಿಯಲ್ಲಷ್ಟೇ ಇದ್ದು ಮುಂದಿನ ಕೋರಿಕೆ ಇನ್ನೊಂದಕ್ಕೆ ಹೋದರೆ, ಲಾಗಿನ್ ಆದ ಅರೆ ನಿಮಿಷಕ್ಕೇ ನೀವು ಅಪರಿಚಿತರು. ಕೆಲವು ತಾಣಗಳು ಸೆಷನ್ನನ್ನು ಐಪಿ ವಿಳಾಸಕ್ಕೆ ಕಟ್ಟಿಹಾಕುತ್ತವೆ. ಬ್ರಾಡ್‌ಬ್ಯಾಂಡ್ ಕೈಕೊಟ್ಟಿತೆಂದು ಆಪರೇಟರ್ ತನ್ನ ಮೊಬೈಲಿನ ಹಾಟ್‌ಸ್ಪಾಟ್ ಹಚ್ಚಿಕೊಂಡರೆ ವಿಳಾಸ ಬದಲಾಗುತ್ತದೆ, ಸರ್ವರಿಗೆ ಕಳ್ಳನಂತೆ ಕಾಣುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ದಿನಕ್ಕೆ ಎಷ್ಟು ಸಲ ಹೀಗೆ ನೆಟ್‌ವರ್ಕ್ ಬದಲಿಸಬೇಕಾಗುತ್ತದೆಂದು ಬೆಂಗಳೂರಿನ ಫೈಬರ್ ಸಂಪರ್ಕದಲ್ಲಿ ಪರೀಕ್ಷೆ ಮಾಡುವವರಿಗೆ ಹೊಳೆಯುವುದು ಕಷ್ಟ. ಎರಡು ಟ್ಯಾಬಿನಲ್ಲಿ ಲಾಗಿನ್ ಆದರೆ ಮೊದಲನೆಯದು ಸಾಯುವ ತಾಣಗಳಿವೆ, 'ಬ್ಯಾಕ್' ಒತ್ತಿದರೆ ಮುನಿಯುವವೂ ಇವೆ.

ಜನ ಮುಗಿಬಿದ್ದ ದಿನಗಳ ಕಥೆ ಬೇರೆ. 2023ರ ಜೂನ್ 18ರಂದು ಗೃಹಜ್ಯೋತಿ ಯೋಜನೆಗೆ ಸರ್ಕಾರದ ಸೇವಾಸಿಂಧು ತಾಣದಲ್ಲಿ ನೋಂದಣಿ ಆರಂಭವಾದಾಗ ಮೊದಲ ದಿನಗಳಲ್ಲಿ ಅದು ತಡವರಿಸಿದ್ದು ಎಲ್ಲರಿಗೂ ನೆನಪಿದೆ. ಇಂಥ ನೂಕುನುಗ್ಗಲಿನಲ್ಲಿ ಸೆಷನ್ ಗಡುವು ಹೇಗೆ ವಿಷವರ್ತುಲವಾಗುತ್ತದೆ ಎಂಬುದನ್ನು ತಾಂತ್ರಿಕರು ಚೆನ್ನಾಗಿ ಬಲ್ಲರು. ಸರ್ವರ್ ನಿಧಾನವಾದಷ್ಟೂ ಅರ್ಜಿ ಮುಗಿಯಲು ಹೊತ್ತು ಹೆಚ್ಚು ಬೇಕು; ಹೊತ್ತು ಹೆಚ್ಚಾದಷ್ಟೂ ಹೆಚ್ಚು ಜನರ ಸೆಷನ್ ಅರ್ಧದಲ್ಲಿ ಸಾಯುತ್ತದೆ; ಸತ್ತವರೆಲ್ಲ ಮತ್ತೆ ಮೊದಲಿನಿಂದ ಲಾಗಿನ್, ಮತ್ತೆ ಒಟಿಪಿ, ಮತ್ತೆ ಫೈಲ್ ಅಪ್‌ಲೋಡ್. ಒಂದೇ ಅರ್ಜಿಗೆ ಸರ್ವರ್ ಮೂರು ಅರ್ಜಿಯ ಭಾರ ಹೊರುತ್ತದೆ. ಅರ್ಜಿಯನ್ನು ಅಲ್ಲಲ್ಲೇ ಉಳಿಸಿಕೊಳ್ಳುವ ಏರ್ಪಾಡಿದ್ದರೆ ಆ ಭಾರದ ದೊಡ್ಡ ಪಾಲು ಇಳಿಯುತ್ತದೆ. ಹಾಗಾಗಿ ಇದು ಜನರ ಮೇಲಿನ ಕನಿಕರಕ್ಕೆ ಮಾತ್ರ ಮಾಡಬೇಕಾದ ಕೆಲಸವಲ್ಲ, ಇಲಾಖೆಯ ಸ್ವಂತ ಲಾಭವೂ ಇದರಲ್ಲಿದೆ.

ಇವೆಲ್ಲಕ್ಕೂ ನಿಯಮ ಇಲ್ಲವೇ ಎಂದರೆ, ಇದೆ. ಜಾಲತಾಣಗಳು ಎಲ್ಲರಿಗೂ ಎಟುಕುವಂತಿರಬೇಕೆಂದು ಹೇಳುವ ಡಬ್ಲ್ಯುಸಿಎಜಿ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ 2008ರ ಆವೃತ್ತಿಯಲ್ಲೇ ಕಾಲಮಿತಿಯ ಬಗ್ಗೆ ಖಚಿತವಾಗಿ ಮಾತಾಡಿದೆ. ಗಡುವನ್ನು ನಿಲ್ಲಿಸಲು, ಹಿಗ್ಗಿಸಲು ಬಳಕೆದಾರರಿಗೆ ಅವಕಾಶ ಇರಬೇಕು. ಇಲ್ಲವೇ ಅವಧಿ ಮುಗಿಯುವ ಮುನ್ನ ಎಚ್ಚರಿಸಿ, ಕನಿಷ್ಠ 20 ಸೆಕೆಂಡು ಕೊಟ್ಟು, ಸ್ಪೇಸ್ ಬಾರ್ ಒತ್ತುವಷ್ಟು ಸುಲಭದಲ್ಲಿ, ಕನಿಷ್ಠ 10 ಸಲ ಮುಂದುವರಿಸಲು ಬಿಡಬೇಕು. ಇದು ಅತ್ಯಂತ ಕೆಳಗಿನ, ಅಂದರೆ ಎಲ್ಲರೂ ಪಾಲಿಸಲೇಬೇಕಾದ ಹಂತದ ನಿಯಮ. ಭಾರತ ಸರ್ಕಾರದ ಜಾಲತಾಣಗಳಿಗೆ 2009ರಿಂದ ಇರುವ ಮಾರ್ಗಸೂಚಿಯ ಮೂರನೇ ಆವೃತ್ತಿ 2023ರಲ್ಲಿ ಬಂತು, ಅದೂ ಇದೇ ಡಬ್ಲ್ಯುಸಿಎಜಿಯನ್ನು ಆಧಾರವಾಗಿ ಇಟ್ಟುಕೊಂಡಿದೆ. ಮತ್ತೆ ಲಾಗಿನ್ ಆದಾಗ ಹಿಂದೆ ತುಂಬಿದ ಮಾಹಿತಿ ಹಾಗೇ ಇರಬೇಕೆಂಬ ನಿಯಮವೂ ಡಬ್ಲ್ಯುಸಿಎಜಿಯಲ್ಲಿದೆ. ದುರದೃಷ್ಟಕ್ಕೆ ಅದನ್ನು ಅತ್ಯುನ್ನತ ಹಂತಕ್ಕೆ ಹಾಕಿದ್ದಾರೆ, ಮಾಡಿದರೆ ಒಳ್ಳೆಯದು ಎಂಬ ಪಟ್ಟಿಗೆ. ನನ್ನನ್ನು ಕೇಳಿದರೆ ಮೊದಲನೆಯದಕ್ಕಿಂತ ಇದನ್ನೇ ಕಡ್ಡಾಯ ಮಾಡಬೇಕಿತ್ತು.

ಭದ್ರತೆಯ ಪಂಡಿತರೂ ಎಲ್ಲ ಪುಟಕ್ಕೂ ಒಂದೇ ಗಡುವು ಎಂದು ಹೇಳಿಲ್ಲ. ವೆಬ್ ಭದ್ರತೆಯಲ್ಲಿ ಹೆಸರು ಮಾಡಿದ ಓವಾಸ್ಪ್ ಸಂಸ್ಥೆಯ ಸಲಹೆಯಂತೆ ಹಣದ ವ್ಯವಹಾರದಂಥ ಸೂಕ್ಷ್ಮ ಕೆಲಸಕ್ಕೆ 2ರಿಂದ 5 ನಿಮಿಷ, ಅಪಾಯ ಕಡಿಮೆಯಿರುವಲ್ಲಿ 15ರಿಂದ 30 ನಿಮಿಷ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ನಡುಮಟ್ಟದ ಭದ್ರತೆಗೆ 30 ನಿಮಿಷದ ಮೌನ, ಅತ್ಯುನ್ನತ ಮಟ್ಟಕ್ಕೆ 15 ನಿಮಿಷ ಎಂದಿತ್ತು; ಏನೇ ಆದರೂ 12 ಗಂಟೆಗೊಮ್ಮೆ ಹೊಸದಾಗಿ ಗುರುತು ತೋರಿಸಬೇಕಿತ್ತು. ಹಾಸ್ಟೆಲ್ ಅರ್ಜಿ ತುಂಬುವ ಪುಟಕ್ಕೆ ಬ್ಯಾಂಕಿನ ಗಡುವು ಯಾಕೆ?

ಚೆನ್ನಾಗಿ ಮಾಡಿದ ಮಾದರಿಗಳು ನಮ್ಮಲ್ಲೇ ಇವೆ. ಆದಾಯ ತೆರಿಗೆ ಇಲಾಖೆಯ ಇ-ಫೈಲಿಂಗ್ ತಾಣದಲ್ಲಿ ರಿಟರ್ನ್ಸ್ ಅರ್ಧ ತುಂಬಿ ಬಿಟ್ಟುಹೋದರೆ ಅದು ಕರಡಾಗಿ ಉಳಿಯುತ್ತದೆ, ಮತ್ತೆ ಬಂದು ಅಲ್ಲಿಂದಲೇ ಮುಂದುವರಿಸಬಹುದು. ಇನ್ನೂ ಮನಮುಟ್ಟುವ ಮಾದರಿ ರೈತರ ಬೆಳೆ ಸಮೀಕ್ಷೆ ಆ್ಯಪ್. ಕರ್ನಾಟಕ ಸರ್ಕಾರ ಅದನ್ನು 2020ರಲ್ಲಿ ರೈತರ ಕೈಗೇ ಕೊಟ್ಟಿತು. ನೆಟ್‌ವರ್ಕ್ ಇರುವಲ್ಲಿ ಊರಿನ ಸರ್ವೆ ನಂಬರುಗಳ ವಿವರ ಇಳಿಸಿಕೊಂಡು, ಸಿಗ್ನಲ್ಲೇ ಇಲ್ಲದ ಗದ್ದೆಯ ಬದುವಿನಲ್ಲಿ ನಿಂತು ಬೆಳೆಯ ಫೋಟೊ ತೆಗೆದು, ಮನೆಗೆ ಬಂದು ಸಿಗ್ನಲ್ ಸಿಕ್ಕಾಗ ಕಳಿಸಬಹುದು. ಸರ್ವರಿನ ಜೊತೆ ಗಳಿಗೆಗಳಿಗೆಗೂ ಮಾತು ನಡೆಯುತ್ತಿರಲೇಬೇಕು ಎಂಬ ಹಟವನ್ನು ಬಿಟ್ಟದ್ದರಿಂದಲೇ ಅದು ಗುಡ್ಡದ ಊರುಗಳಲ್ಲೂ ನಡೆಯಿತು. ಹೊಲದಲ್ಲಿ ಸಿಗ್ನಲ್ ಇರುವುದಿಲ್ಲ ಎಂದು ಯಾರೋ ಮೊದಲೇ ಯೋಚಿಸಿದ್ದರು. ಅರ್ಜಿ ಕೇಂದ್ರದಲ್ಲೂ ಸಿಗ್ನಲ್ ಇರುವುದಿಲ್ಲ ಎಂದು ಯೋಚಿಸುವುದು ಬಾಕಿ ಇದೆ.

ಕರಡು ಉಳಿಸುವುದರಲ್ಲೂ ಎಚ್ಚರ ಬೇಕು, ಇಲ್ಲದಿದ್ದರೆ ನೋಟ್‌ಪ್ಯಾಡಿನ ಕಥೆಯೇ ಆಗುತ್ತದೆ. ಕರಡನ್ನು ಬ್ರೌಸರಿನೊಳಗೆ ಇಟ್ಟರೆ ಅದೇ ಕಂಪ್ಯೂಟರಿನಲ್ಲಿ ಕೂತ ಮುಂದಿನವರ ಕಣ್ಣಿಗೆ ಬೀಳಬಹುದು. ಸ್ವಂತ ಫೋನಿನಲ್ಲಿ ಅದು ನಡೆದೀತು, ಹತ್ತು ಜನ ಬಂದು ಹೋಗುವ ಕೇಂದ್ರದಲ್ಲಿ ಕೂಡದು. ಅಲ್ಲಿ ಕರಡು ಇರಬೇಕಾದ್ದು ಸರ್ವರಿನಲ್ಲಿ, ಅರ್ಜಿದಾರರ ಹೆಸರಿನಲ್ಲಿ. ಒಂದೊಂದು ಭಾಗ ತುಂಬಿದ ಹಾಗೆ ಸದ್ದಿಲ್ಲದೆ ಅಲ್ಲಿಗೆ ಹೋಗಿ ಕೂರಬೇಕು, ಶುರುವಿನಲ್ಲೇ ಒಂದು ತಾತ್ಕಾಲಿಕ ಸಂಖ್ಯೆ ಸಿಗಬೇಕು. ಅಪ್‌ಲೋಡ್ ಆದ ಫೈಲು ಅರ್ಜಿ ಮುಗಿಯುವವರೆಗೆ ಕಾಯದೆ ಆಗಲೇ ಸೇರಿಕೊಳ್ಳಬೇಕು. ಗಡುವು ಮುಗಿದರೆ ಪುಟವನ್ನು ಒರೆಸಿ ಹಾಕದೆ, ಅದರ ಮೇಲೆ ಸಣ್ಣ ಕಿಟಕಿ ತೆರೆದು ಮತ್ತೆ ಗುರುತು ಕೇಳಬೇಕು. ಸರಿಹೊಂದಿದರೆ ಕಿಟಕಿ ಮುಚ್ಚಿ ಬಿಟ್ಟಲ್ಲಿಂದ ಕೆಲಸ ಮುಂದುವರಿಯಬೇಕು. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯಂಥವನ್ನು ಬೇಕಾದರೆ ಕರಡಿನಲ್ಲಿ ಇಡದೆ ಕೊನೆಗೆ ಇನ್ನೊಮ್ಮೆ ಕೇಳಲಿ, ಅದಕ್ಕೆ ಯಾರ ತಕರಾರೂ ಇಲ್ಲ. ಇದರಲ್ಲಿ ಹೊಸ ಸಂಶೋಧನೆ ಏನೂ ಇಲ್ಲ. ಜಿಮೇಲ್‌ನಲ್ಲಿ ಕಾಗದ ಬರೆಯುವವರು ವರ್ಷಗಳಿಂದ ಕರಡು ತಾನಾಗಿಯೇ ಉಳಿಯುವುದನ್ನು ಕಂಡಿದ್ದಾರೆ.

ಮತ್ತೆ 'ಸೆಷನ್ ಎಕ್ಸ್‌ಪೈರ್ಡ್' ಎಂಬ ಆ ಸಂದೇಶ. ಕನ್ನಡದ ಅರ್ಜಿ ಪುಟವೂ ಜಗಳವಾಡುವಾಗ ಇಂಗ್ಲಿಷಿಗೆ ತಿರುಗುತ್ತದೆ. 'ಇನ್ನು ಎರಡು ನಿಮಿಷದಲ್ಲಿ ಲಾಗಿನ್ ಮುಗಿಯುತ್ತದೆ, ಮುಂದುವರಿಸಲು ಇಲ್ಲಿ ಒತ್ತಿ. ಇದುವರೆಗೆ ತುಂಬಿದ್ದು ಉಳಿದಿದೆ' ಎಂದು ಕನ್ನಡದಲ್ಲಿ ಬರೆಯಲು ಖರ್ಚಿಲ್ಲ. ಬಂದದ್ದು ಗಡುವಿನ ತೊಂದರೆಯೋ, ಸರ್ವರಿನದೋ, ನಮ್ಮ ನೆಟ್‌ವರ್ಕಿನದೋ ಎಂದು ಬಿಡಿಸಿ ಹೇಳಿದರೆ ಸಾಲಿನಲ್ಲಿದ್ದವರಿಗೆ ಕಾಯಬೇಕೋ ಮನೆಗೆ ಹೋಗಬೇಕೋ ಎಂದಾದರೂ ಗೊತ್ತಾಗುತ್ತದೆ. ಮಗ್ಗೆಗೆ ಸುತ್ತಲ ಹಳ್ಳಿಯಿಂದ ಬಸ್ಸು ಹಿಡಿದು, ಒಂದು ದಿನದ ತೋಟದ ಕೂಲಿ ಬಿಟ್ಟು ಬಂದವರಿಗೆ ಇದು ದೊಡ್ಡ ಮಾಹಿತಿ.

ಇಲಾಖೆಗಳು ತಾಣ ಕಟ್ಟಿಸುವಾಗ ಟೆಂಡರಿನಲ್ಲಿ ಒಂದು ಷರತ್ತು ಸೇರಿಸಲಿ: ಅವಧಿ ಮುಗಿದು ಮತ್ತೆ ಲಾಗಿನ್ ಆದಾಗ ತುಂಬಿದ ಮಾಹಿತಿ ಹಾಗೇ ಇರತಕ್ಕದ್ದು. ಪರೀಕ್ಷೆಯನ್ನೂ ಬೆಂಗಳೂರಿನ ಕಚೇರಿಯಲ್ಲಿ ಮುಗಿಸದೆ ಜುಲೈ ತಿಂಗಳಲ್ಲಿ ಸಕಲೇಶಪುರದ ಕಡೆಯ ಒಂದು ಕೇಂದ್ರದಲ್ಲಿ ಮಾಡಲಿ. ಓದುಗರಲ್ಲಿಯೂ ಒಂದು ಕೋರಿಕೆ. ಕೇಂದ್ರದಿಂದ ಹೊರಡುವ ಮುನ್ನ ಆಪರೇಟರ್ ನಿಮ್ಮ ಖಾತೆಯಿಂದ ಲಾಗ್‌ಔಟ್ ಮಾಡಿದ್ದನ್ನು ಕಣ್ಣಾರೆ ನೋಡಿ, ಟ್ಯಾಬ್ ಮುಚ್ಚಿದರಷ್ಟೇ ಸಾಲದು. ಅರ್ಜಿ ಅರ್ಧದಲ್ಲಿ ಅಳಿಸಿಹೋದರೆ 'ಸರ್ವರ್ ಡೌನ್' ಎಂದು ಸುಮ್ಮನೆ ಮನೆಗೆ ಬರಬೇಡಿ. ಪರದೆಯ ಮೇಲೆ ಬಂದ ಸಾಲನ್ನು ಫೋಟೊ ತೆಗೆದುಕೊಳ್ಳಿ, ಯಾವ ಪುಟ, ಎಷ್ಟು ಗಂಟೆ ಎಂದು ಬರೆದಿಟ್ಟುಕೊಳ್ಳಿ, ಜನಸ್ಪಂದನ ಸಹಾಯವಾಣಿ 1902ಕ್ಕೆ ಕರೆ ಮಾಡಿ 'ಸೆಷನ್ ಮುಗಿದು ತುಂಬಿದ ಅರ್ಜಿ ಅಳಿಸಿಹೋಯಿತು' ಎಂದು ಇದೇ ಮಾತಿನಲ್ಲಿ ದೂರು ದಾಖಲಿಸಿ.